ಅಣುಬಾಂಬ್ ಮೊದಲು ನಾವೇ ಯಾಕೆ ಹಾಕಬಾರದು ಅಂತ ಕೇಳುವವರಿಗೆ

ಗಡಿಯಲ್ಲಿ ಸ್ವಲ್ಪ ಬಿಸಿ ಏರಿದರೆ ಸಾಕು, ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಮೆಸೇಜ್ ತಪ್ಪದೆ ಬರುತ್ತದೆ. "ಅಣುಬಾಂಬ್ ಮೊದಲು ಹಾಕಲ್ಲ ಅಂತ ಮಾತು ಕೊಟ್ಟು ಕೈ ಕಟ್ಟಿ ಕೂತಿದ್ದೀವಿ. ಅವರು ಹಾಕಿದ ಮೇಲೆ ಉತ್ತರ ಕೊಡೋಕೆ ನಾವು ಉಳಿದಿರ್ತೀವಾ?" 2025ರ ಮೇ ತಿಂಗಳಲ್ಲಂತೂ ಇದರದ್ದೇ ಹಾವಳಿ. ಗರಡಿಯಲ್ಲಿ ಬೆಳೆದ ಹಿರಿಯರೊಬ್ಬರು ಅದರ ಕೆಳಗೆ, "ಕುಸ್ತೀಲಿ ಮೊದಲು ಪಟ್ಟು ಹಾಕಿದೋನೇ ಗೆಲ್ಲೋದು ಕಣ್ರಪ್ಪಾ" ಅಂತ ಬರೆದರು. ದಸರಾ ಕುಸ್ತಿಗೆ ಅದು ಸರಿ ಸಾರ್. ಅಲ್ಲಿ ಸೋತವನೂ ಮಣ್ಣು ಕೊಡವಿಕೊಂಡು ಮನೆಗೆ ಹೋಗುತ್ತಾನೆ.

"ನಾವು ಉಳಿದಿರ್ತೀವಾ" ಅನ್ನುವ ಪ್ರಶ್ನೆ ಮಾತ್ರ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರದ ಒಂದು ತುಂಡು ಮೈಸೂರಿನ ಪಕ್ಕದ ನಮ್ಮ ಯಲವಾಲದ ಹತ್ತಿರವೇ ಇದೆ. ರತ್ನಹಳ್ಳಿಯ ಆ ಕಾಂಪೌಂಡನ್ನು ಮೈಸೂರಿನವರು ಆರ್‌ಎಂಪಿ ಅನ್ನುತ್ತಾರೆ. ಪೂರ್ತಿ ಹೆಸರು ರೇರ್ ಮೆಟೀರಿಯಲ್ಸ್ ಪ್ಲಾಂಟ್, ಭಾಭಾ ಅಣು ಸಂಶೋಧನಾ ಕೇಂದ್ರ ಅಂದರೆ ಬಾರ್ಕ್‌ನ ಘಟಕ. ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ 235 ಅನ್ನುವ ಬಗೆ ಶೇ. 0.7ರಷ್ಟು ಮಾತ್ರ ಇರುತ್ತದೆ. ಯುರೇನಿಯಂ ಅನ್ನು ಅನಿಲ ಮಾಡಿ ಉದ್ದನೆಯ ಕೊಳವೆಗಳಲ್ಲಿ ವಿಪರೀತ ವೇಗದಲ್ಲಿ ತಿರುಗಿಸುತ್ತಾರೆ. ಭಾರವಾದದ್ದು ಗೋಡೆಯ ಕಡೆ ಸರಿಯುತ್ತದೆ, ಹಗುರವಾದದ್ದು ನಡುವೆ ಉಳಿಯುತ್ತದೆ. ನಡುವಿನದನ್ನು ತೆಗೆದು ಮುಂದಿನ ಕೊಳವೆಗೆ, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ಹಂತ ಹಂತವಾಗಿ 235ರ ಪ್ರಮಾಣ ಜಾಸ್ತಿ ಮಾಡುತ್ತಾರೆ. ನಮ್ಮ ಅಣುಶಕ್ತಿಯ ಜಲಾಂತರ್ಗಾಮಿ ಅರಿಹಂತ್‌ನ ರಿಯಾಕ್ಟರಿನ ಇಂಧನಕ್ಕೆ ಬೇಕಾದ ಯುರೇನಿಯಂ ಹದವಾಗುವುದು ಇಲ್ಲೇ. ಇದೇನೂ ಗುಟ್ಟಲ್ಲ, ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ.

ಡೀಸೆಲ್ ಜಲಾಂತರ್ಗಾಮಿ ಗಾಳಿಗಾಗಿ ಆಗಾಗ ಮೇಲಕ್ಕೆ ಬರಬೇಕು. ಅಣು ರಿಯಾಕ್ಟರಿಗೆ ಗಾಳಿಯ ಹಂಗಿಲ್ಲ. ಒಳಗಿರುವವರ ಊಟದ ಸಾಮಾನು ಮುಗಿಯುವವರೆಗೂ ನೀರಿನಡಿಯೇ ಇರಬಹುದು. ಎಲ್ಲಿದೆ ಅಂತ ಶತ್ರುವಿಗೆ ಗೊತ್ತಾಗುವುದಿಲ್ಲ. ದೆಹಲಿ ಮೇಲೆ ಬಾಂಬ್ ಬಿದ್ದರೂ ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ಅಡಗಿರುವ ಹಡಗು ಉತ್ತರ ಕೊಡಬಲ್ಲದು. ಅರಿಹಂತ್ ಮೊದಲ ಗಸ್ತು ಮುಗಿಸಿದೆ ಅಂತ ಪ್ರಧಾನಿ 2018ರ ನವೆಂಬರ್‌ನಲ್ಲಿ ಹೇಳಿದರು. 2024ರ ಆಗಸ್ಟ್‌ನಲ್ಲಿ ಅದೇ ಬಗೆಯ ಎರಡನೇ ಜಲಾಂತರ್ಗಾಮಿ ಅರಿಘಾತ್ ನೌಕಾಪಡೆ ಸೇರಿತು. ಅದೇ ವರ್ಷ ಅದರಿಂದ 3,500 ಕಿ.ಮೀ. ಹೋಗುವ ಕೆ-4 ಕ್ಷಿಪಣಿಯ ಪರೀಕ್ಷೆಯೂ ಆಯಿತು. ಇಷ್ಟೆಲ್ಲ ದುಡ್ಡು ಸುರಿದು ನಾವು ಕೊಂಡುಕೊಂಡಿರುವುದು ಅವಸರ ಪಡದೆ ಇರುವ ಅನುಕೂಲ. ಮೊದಲು ನಾವೇ ಹಾಕುತ್ತೇವೆ ಅಂದರೆ ಅದನ್ನು ನಾವೇ ಬಿಸಾಡಿದ ಹಾಗೆ.

ಲೆಕ್ಕ ನೋಡಿ. ಮೊದಲು ಹೊಡೆದು ಲಾಭ ಆಗಬೇಕಾದರೆ ಎದುರಾಳಿಯ ಅಣ್ವಸ್ತ್ರ ಎಲ್ಲವೂ ಒಂದೇ ಏಟಿಗೆ ನಾಶವಾಗಬೇಕು. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ 2025ರ ಅಂದಾಜಿನಲ್ಲಿ ನಮ್ಮ ಹತ್ತಿರ ಸುಮಾರು 180 ಸಿಡಿತಲೆ, ಪಾಕಿಸ್ತಾನದ ಹತ್ತಿರ 170, ಚೀನಾ ಹತ್ತಿರ 600. ಪಾಕಿಸ್ತಾನದ ಕ್ಷಿಪಣಿಗಳು ಲಾರಿಗಳ ಮೇಲೆ ಓಡಾಡುತ್ತವೆ. ಎಲ್ಲ ಹುಡುಕಿ ಹೊಡೆದೆವು, ನಾಲ್ಕು ತಪ್ಪಿಸಿಕೊಂಡವು ಅಂದುಕೊಳ್ಳಿ. ಆ ನಾಲ್ಕು ಯಾವ ಊರಿಗೆ ಬರುತ್ತವೆ? ಇನ್ನು 180 ಇಟ್ಟುಕೊಂಡು 600ರ ಮೇಲೆ ಮೊದಲು ಬೀಳುವ ಮಾತು ಬಿಡಿ.

ಅದಕ್ಕಿಂತ ನನಗೆ ಜಾಸ್ತಿ ಭಯ ಆಕಸ್ಮಿಕದ್ದು. 2022ರ ಮಾರ್ಚ್ 9ರಂದು ನಮ್ಮದೇ ಬ್ರಹ್ಮೋಸ್ ಕ್ಷಿಪಣಿಯೊಂದು ತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ವಿಚಾರಣೆ ಆಗಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಿದರು. ಪಾಕಿಸ್ತಾನದವರು ನಮ್ಮ ಮಾತನ್ನು ಪೂರ್ತಿ ನಂಬುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ "ಮೊದಲ ಏಟು ನಮ್ಮದೇ" ಅಂತ ನಾವು ಸಾರಿದ್ದ ಕಾಲದಲ್ಲಿ ಅದೇ ಕ್ಷಿಪಣಿ ಹಾರಿದ್ದರೆ? ಅದು ಬೀಳುವವರೆಗೆ ಕಾಯುವ ತಾಳ್ಮೆ ಅಲ್ಲಿನ ಜನರಲ್‌ಗೆ ಇರುತ್ತಿತ್ತಾ?

ಮೊದಲು ಹಾಕಲ್ಲ ಅನ್ನುವ ಚೀನಾ ಮಾತನ್ನು ನಂಬಬಹುದಾ ಅಂತ ಇನ್ನೊಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. 1964ರಲ್ಲಿ ಮೊದಲ ಪರೀಕ್ಷೆ ಮಾಡಿದ ದಿನವೇ ಚೀನಾ ಈ ಮಾತು ಕೊಟ್ಟಿತು. ಸೋವಿಯತ್ ಒಕ್ಕೂಟ ಕೂಡ 1982ರಲ್ಲಿ ಕೊಟ್ಟಿತ್ತು. ಆಮೇಲೆ ಪೂರ್ವ ಜರ್ಮನಿಯ ಸೇನೆಯ ಕಡತ ಬಿಚ್ಚಿ ನೋಡಿದರೆ, ಯುದ್ಧದ ಆರಂಭದಲ್ಲೇ ಅಣ್ವಸ್ತ್ರ ಬಳಸುವ ತಾಲೀಮಿನ ದಾಖಲೆ ಸಿಕ್ಕಿತು! 1993ರಲ್ಲಿ ರಷ್ಯಾ ಆ ಮಾತನ್ನೇ ಕೈಬಿಟ್ಟಿತು. ಹಾಗಾಗಿ ಬಾಯಿಮಾತನ್ನು ನಾನೂ ನಂಬುವುದಿಲ್ಲ. ಸಿಡಿತಲೆ ಕ್ಷಿಪಣಿಗೆ ಜೋಡಿಸಿಯೇ ಇಟ್ಟಿದ್ದಾರಾ, ಬೇರೆ ಇಟ್ಟಿದ್ದಾರಾ, ಆಜ್ಞೆ ಕೊಡುವುದು ಯಾರು, ಇದನ್ನು ನೋಡಬೇಕು. ಅಮೆರಿಕ, ಬ್ರಿಟನ್, ಫ್ರಾನ್ಸ್ ಇವತ್ತಿಗೂ ಮೊದಲು ಬಳಸುವ ಹಕ್ಕು ಬಿಟ್ಟುಕೊಟ್ಟಿಲ್ಲ. ಯುರೋಪಿನಲ್ಲಿ ಸೋವಿಯತ್ ಟ್ಯಾಂಕುಗಳ ಸಂಖ್ಯೆಗೆ ಹೆದರಿ ಶುರುವಾದ ನೀತಿ ಅದು. ನಮ್ಮ ದೊಡ್ಡ ಸೇನೆಗೆ ಹೆದರಿ ಪಾಕಿಸ್ತಾನ ಹೇಳುವುದೂ ಅದನ್ನೇ.

ನಮ್ಮ ನೀತಿಯಲ್ಲೂ ಹುಳುಕಿದೆ, ಆದರೆ ಗ್ರೂಪಿನವರು ಹೇಳುವ ಜಾಗದಲ್ಲಲ್ಲ. ಪೋಖ್ರಾನ್ ಪರೀಕ್ಷೆ ಆದ 1998ರಲ್ಲೇ ವಾಜಪೇಯಿ ಈ ಮಾತು ಕೊಟ್ಟರು. 2003ರ ಜನವರಿ 4ರಂದು ಸರ್ಕಾರ ಅದನ್ನು ಎಂಟು ಅಂಶಗಳಲ್ಲಿ ಪ್ರಕಟಿಸಿತು. ಆಜ್ಞೆ ಕೊಡುವ ಅಧಿಕಾರ ಪ್ರಧಾನಿಯ ನೇತೃತ್ವದ ಸಮಿತಿಗೆ ಮಾತ್ರ, ಅದು ಸರಿ. ಆದರೆ ನಮ್ಮ ಸೈನ್ಯದ ಮೇಲೆ ಎಲ್ಲೇ ಅಣ್ವಸ್ತ್ರ ಬಿದ್ದರೂ ಭಾರೀ ಪ್ರಮಾಣದಲ್ಲೇ ತಿರುಗೇಟು ಅಂತಲೂ ಅಲ್ಲಿದೆ. ಜೈವಿಕ ಇಲ್ಲವೇ ರಾಸಾಯನಿಕ ಅಸ್ತ್ರ ಬಳಸಿದರೂ ಅಣ್ವಸ್ತ್ರದಲ್ಲಿ ಉತ್ತರ ಕೊಡುವ ಅವಕಾಶ ಉಳಿಸಿಕೊಂಡಿದ್ದಾರೆ. ಪಾಕಿಸ್ತಾನ 2011ರಲ್ಲಿ ನಸ್ರ್ ಅನ್ನುವ, ಅಣ್ವಸ್ತ್ರ ಹೊತ್ತು 60 ಕಿ.ಮೀ. ಹೋಗುವ ಸಣ್ಣ ಕ್ಷಿಪಣಿ ಪರೀಕ್ಷೆ ಮಾಡಿತು. ತನ್ನದೇ ಮರುಭೂಮಿಯಲ್ಲಿ ಮುನ್ನುಗ್ಗಿದ ನಮ್ಮ ಟ್ಯಾಂಕುಗಳ ಮೇಲೆ ಅದನ್ನು ಹಾಕಿದರೆ, ನಾವು ಲಾಹೋರನ್ನು ಸುಟ್ಟುಬಿಡುತ್ತೇವಾ? ಯಾವ ಪ್ರಧಾನಿ ಆ ಸಹಿ ಹಾಕುತ್ತಾರೆ? ಹಾಕಲ್ಲ ಅಂತ ರಾವಲ್ಪಿಂಡಿಯ ಪಾಕಿಸ್ತಾನಿ ಸೇನಾ ಕಚೇರಿಯವರು ಲೆಕ್ಕ ಹಾಕಿರುವುದರಿಂದಲೇ ನಸ್ರ್ ಹುಟ್ಟಿದ್ದು. ತಿದ್ದಲೇಬೇಕು ಅಂದರೆ ಇದನ್ನು ತಿದ್ದಿ. ಏಟಿಗೆ ತಕ್ಕ ಎದುರೇಟು ಅನ್ನಿ, ಆಗ ನಂಬುತ್ತಾರೆ.

2016ರಲ್ಲಿ ರಕ್ಷಣಾ ಸಚಿವರಾಗಿದ್ದ ಪರಿಕ್ಕರ್, ನಾವು ಯಾಕೆ ಕಟ್ಟಿಹಾಕಿಕೊಳ್ಳಬೇಕು ಅಂತ ಕೇಳಿ, ಇದು ನನ್ನ ಸ್ವಂತ ಅಭಿಪ್ರಾಯ ಅಂದರು. 2019ರ ಆಗಸ್ಟ್‌ನಲ್ಲಿ ರಾಜನಾಥ್ ಸಿಂಗ್ ಪೋಖ್ರಾನ್‌ಗೇ ಹೋಗಿ, ಇವತ್ತಿನವರೆಗೆ ಇದೇ ನೀತಿ, ಮುಂದಿನದು ಪರಿಸ್ಥಿತಿಗೆ ಬಿಟ್ಟದ್ದು ಅಂದರು. ಅಣ್ವಸ್ತ್ರದ ವಿಷಯದಲ್ಲಿ ರಕ್ಷಣಾ ಸಚಿವರಿಗೆ ಸ್ವಂತ ಅಭಿಪ್ರಾಯ ಅಂತ ಒಂದಿರುತ್ತದಾ? ಕೇಳುವವರು ಅದನ್ನು ಸರ್ಕಾರದ ಮಾತು ಅಂತಲೇ ತಗೋತಾರೆ.

2003ರ ಆ ಎಂಟು ಅಂಶಗಳು ಕಾನೂನಲ್ಲ, ಸಂಪುಟ ಸಮಿತಿಯ ತೀರ್ಮಾನ. ಅದೇ ಸಮಿತಿ ಇನ್ನೊಂದು ಸಭೆಯಲ್ಲಿ ಬದಲಾಯಿಸಬಹುದು. ಹಾಗೆ ಮಾಡುವ ಮುಂಚೆ ಸಂಸತ್ತಿನಲ್ಲಿ ಇಡೀ ಒಂದು ದಿನ ಚರ್ಚೆ ಆಗಲಿ. ಮುಂದಿನ ಸಲ ವೋಟು ಕೇಳಲು ಬರುವ ಎಂಪಿ ಅಭ್ಯರ್ಥಿಗೆ ರಸ್ತೆ, ರೈಲಿನ ಜೊತೆ ಇದನ್ನೂ ಕೇಳುವವನಿದ್ದೇನೆ. ಯಲವಾಲ ಅವರ ಕ್ಷೇತ್ರದಲ್ಲೇ ಇದೆಯಲ್ಲ.