ಆಯುಧಪೂಜೆ ದಿನ ನಮ್ಮನೇಲಿ ರೇಡ್

ಆಯುಧಪೂಜೆಗೆ ಸ್ಕೂಟರ್ ತೊಳೆದೆ, ಮಿಕ್ಸಿ ಒರೆಸಿದೆ. ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಮೇಜಿನ ಕೆಳಗಿದ್ದ ಹಳೇ ಕಂಪ್ಯೂಟರ್ ಮೇಲೂ ಭಕ್ತಿ ಉಕ್ಕಿತು. ಆಫ್ ಮಾಡಿ, ಮುಚ್ಚಳ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಹೊಡೆದು, ಕುಂಕುಮ ಇಟ್ಟು, ಚೆಂಡು ಹೂವು ಏರಿಸಿದೆ.

ಆ ಡಬ್ಬದೊಳಗೆ ನಾಲ್ಕು ಹಾರ್ಡ್ ಡಿಸ್ಕ್. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಸಾಫ್ಟ್‌ವೇರ್ ರೇಡ್ 5, ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಸೇರಿಸುವ ವ್ಯವಸ್ಥೆ, ಅವನ್ನು ಕೂಡು ಕುಟುಂಬದ ಹಾಗೆ ಸಾಕುತ್ತದೆ. ಒಂದು ಸತ್ತರೆ ಉಳಿದ ಮೂರು ಸಂಸಾರ ತೂಗಿಸುತ್ತವೆ. ಎರಡು ಸತ್ತರೆ ಮನೆ ಮುಳುಗಿದ ಹಾಗೆ. ನಮ್ಮ ಮದುವೆ ವಿಡಿಯೋ, ಮಗಳ ನಾಮಕರಣದ ಫೋಟೋ ಎಲ್ಲ ಅದರಲ್ಲೇ. ಬ್ಯಾಕಪ್? ರೇಡ್ ಇದೆಯಲ್ಲ ಅಂತ ಮಾಡಿರಲಿಲ್ಲ. ನಗಬೇಡಿ.

ಆ ರಾತ್ರಿ ಎರಡು ಸತ್ತವು. ಹೆಚ್ಚುಕಮ್ಮಿ ಒಟ್ಟಿಗೇ.

ಪರದೆ ಮೇಲೆ ನಾಲ್ಕು ‘ಯು’ ಇರಬೇಕಾದ ಕಡೆ ಎರಡು ಯು, ಎರಡು ಗೀಟು. ಬದುಕಿದ ಡಿಸ್ಕಿಗೊಂದು ಯು, ಸತ್ತದ್ದಕ್ಕೊಂದು ಗೀಟು. “ಅಯ್ಯೋ, ರೇಡ್!” ಎಂದು ಕೂಗಿಕೊಂಡೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. “ನಮ್ಮನೇಲಿ ಏನಿದೆ ಅಂತ ರೇಡ್ ಮಾಡ್ತಾರೋ?”

ಗಾಬರಿಗೆ ರೇಡನ್ನು ಹೊಸದಾಗಿ ಕಟ್ಟುವ ‘ಕ್ರಿಯೇಟ್’ ಕಮಾಂಡ್ ಬೆರಳ ತುದಿಗೆ ಬಂದಿತ್ತು. ಅದರಲ್ಲಿ ಡಿಸ್ಕ್‌ಗಳ ಕ್ರಮ ತಪ್ಪಿ, ಪುನರ್‌ಜೋಡಣೆ ಶುರುವಾದರೆ ಇದ್ದದ್ದೂ ಹೋಗುತ್ತದೆ. ತಡೆದವಳು ನನ್ನ ಹೆಂಡತಿ. “ರೀ, ಎರಡೂ ಒಂದೇ ದಿನ ಸಾಯೋಕೆ ಅವೇನು ಮಾತಾಡ್ಕೊಂಡಿದ್ವಾ?”

ಹೌದಲ್ವಾ! ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದೆ. ಎರಡರಲ್ಲೂ ಕೆಟ್ಟ ಸೆಕ್ಟರ್ ಸೊನ್ನೆ. 199ನೇ ನಂಬರಿನ ಸಿಆರ್‌ಸಿ ಎಣಿಕೆ, ಅಂದರೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ, ಮಾತ್ರ ಏರಿತ್ತು. ಡಿಸ್ಕಿಗೆ ಕಾಯಿಲೆಯಿಲ್ಲ, ಕೇಬಲ್ಲಿನಲ್ಲಿ ಮಾತು ಕೆಡುತ್ತಿದೆ ಅಂತ ಅರ್ಥ. ಲಿನಕ್ಸ್‌ನ ತಿರುಳಾದ ಕರ್ನಲ್ ಮಹಾಶಯ ನಾಡಿ ಸರಿಯಾಗಿ ನೋಡದೆ ಸೂತಕ ಸಾರಿಬಿಟ್ಟಿದ್ದ.

ಮತ್ತೆ ಆಫ್ ಮಾಡಿ ಟಾರ್ಚ್ ಬಿಟ್ಟೆ. ಅಂದವಾಗಿರಲಿ ಅಂತ ಆ ಎರಡು ಡಿಸ್ಕ್‌ಗಳ ಸಾಟಾ (ಡೇಟಾ) ಕೇಬಲ್‌ಗಳನ್ನು ನಾನೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದೆ. ಬ್ರಷ್ಷಿನ ರಭಸಕ್ಕೆ ಎರಡೂ ಅರ್ಧ ಕಿತ್ತು ಬಂದಿದ್ದವು. ಒಂದರ ಸಂದಿಯಲ್ಲಿ ಚೆಂಡು ಹೂವಿನ ಎಸಳು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಕೇಬಲ್‌ಗಳನ್ನು ಒತ್ತಿ ಕೂರಿಸಿದೆ.

ಪ್ರತಿ ಡಿಸ್ಕಿನಲ್ಲೂ ‘ಈವೆಂಟ್ಸ್’ ಎಂಬ ಲೆಕ್ಕ ಇರುತ್ತದೆ; ರೇಡಿನ ಸ್ಥಿತಿ ಬದಲಾದಂತೆಲ್ಲ ಅದು ಏರುತ್ತದೆ, ಹಿಂದುಳಿದ ಡಿಸ್ಕಿನದು ಕಡಿಮೆ. ಎರಡರಲ್ಲಿ 48213, ಒಂದರಲ್ಲಿ 48211, ಇನ್ನೊಂದರಲ್ಲಿ 48207. ಅಂತರ ಇಷ್ಟು ಕಡಿಮೆಯಿದ್ದರೆ ಇರುವ ಡಿಸ್ಕ್‌ಗಳನ್ನು ಮತ್ತೆ ಜೋಡಿಸುವ ‘ಅಸೆಂಬಲ್’ ಕಮಾಂಡ್ ಜೊತೆ ‘ಫೋರ್ಸ್’ (ಬಲವಂತ) ಸೇರಿಸಬಹುದು. ಬೈದು ಒಟ್ಟಿಗೆ ಕೂರಿಸಿದ ಹಾಗೆ. ಮೂರು ಕೂತವು. ಫೈಲ್‌ಗಳನ್ನು ಓದಲು ಮಾತ್ರ ತೆರೆದು ನೋಡಿದೆ. ಮಗಳು ತೊಟ್ಟಿಲಲ್ಲಿ ಬಾಯಿ ಬಿಟ್ಟು ಅಳುತ್ತಿದ್ದಳು. ಅಷ್ಟು ಚೆಂದದ ಅಳು ನಾನು ನೋಡಿಲ್ಲ. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ನಾಲ್ಕನೆಯದನ್ನು ಸೇರಿಸಿದೆ. ಅದು ಬೆಳಗಾಗುವವರೆಗೂ ಗುರ್ ಅನ್ನುತ್ತಿತ್ತು.

ಕಾಫಿ ತಂದ ಅಮ್ಮ ಪರದೆ ಕಡೆ ಕೈಮುಗಿದಳು. “ನೋಡಿದ್ಯಾ? ನಿನ್ನೆ ಪೂಜೆ ಮಾಡಿದ್ದಕ್ಕೇ ಉಳೀತು.”

ಜೇಬಿನಲ್ಲಿದ್ದ ಎಸಳನ್ನು ಸುಮ್ನೆ ತುಳಸಿ ಕಟ್ಟೆಗೆ ಹಾಕಿ ಬಂದೆ.