ವಾಸಿಯಾಗುವುದಿಲ್ಲ, ಬಲ ಕುಗ್ಗುತ್ತದೆ ಅಷ್ಟೇ

ಬೊಟಾಕ್ಸ್ (ಸ್ನಾಯು ಸಡಿಲಿಸುವ ಬೊಟುಲಿನಮ್ ಮದ್ದು) ಚುಚ್ಚಿಸಿಕೊಂಡರೆ ನಿದ್ದೆಯಲ್ಲಿ ಹಲ್ಲು ಕಡಿಯುವುದು ವಾಸಿಯಾಗುತ್ತದೆ ಎಂದು ಬರೆದಿದ್ದೀರಿ, ಒಪ್ಪಲಾರೆ. ಹಲ್ಲು ಕಡಿಯುವ ಆಜ್ಞೆ ಹೊರಡುವುದು ಮಿದುಳಿನಿಂದ. ಈ ಚುಚ್ಚುಮದ್ದು ತಡೆಯುವುದು ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್, ಅಂದರೆ ಸ್ನಾಯುವಿಗೆ ಆ ಆಜ್ಞೆ ಮುಟ್ಟಿಸುವ ರಾಸಾಯನಿಕದ ಬಿಡುಗಡೆಯನ್ನು. ಹಾಗಾಗಿ ದವಡೆ ಸ್ನಾಯುವಿನ ಬಲ ಕುಗ್ಗುತ್ತದೆ, ಅಭ್ಯಾಸ ಹೋಗುವುದಿಲ್ಲ. ನಾನೂ ಹಾಕಿಸಿಕೊಂಡವಳೇ. ಬೆಳಗಿನ ದವಡೆನೋವು ಎರಡು ವಾರದಲ್ಲಿ ಇಳಿದದ್ದು ನಿಜ (ಗಟ್ಟಿ ಪದಾರ್ಥ ಅಗಿಯುವಾಗ ಬಾಯಿ ಬೇಗ ಸೋಲುತ್ತಿತ್ತು, ಅದು ಬೇರೆ ಮಾತು!). ನಾಲ್ಕನೇ ತಿಂಗಳಿಗೆ ನೋವು ಮತ್ತೆ ಹಾಜರ್. ಹಲ್ಲು ಸವೆಯದಂತೆ ಕಾಯುತ್ತಿರುವುದು ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚ, ನೈಟ್ ಗಾರ್ಡ್. ಪದೇ ಪದೇ ಚುಚ್ಚಿಸಿಕೊಂಡರೆ ದವಡೆ ಸ್ನಾಯು ತೆಳುವಾಗುತ್ತದೆ ಎಂಬುದನ್ನು ಯಾಕೆ ಬಿಟ್ಟಿರಿ? ಸದಾ ಜೊಲ್ಲು ಸುರಿಯುವ ತೊಂದರೆಗೆ ಬೊಟುಲಿನಮ್ ಮದ್ದು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಹಲ್ಲು ಕಡಿಯುವುದಕ್ಕೆ ಅಂಥ ಒಪ್ಪಿಗೆ ಇಲ್ಲ.