ಒಂಟಿ ಸೀನು

ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಕೆಲಸ ಕೆಡುತ್ತದೆ, ಜೋಡಿ ಸೀನಿದರೆ ಕೈಗೂಡುತ್ತದೆ ಎಂಬುದು ನನ್ನ ಮಾವನವರ ಅಚಲ ನಂಬಿಕೆ. ಆದರೆ ಅವರು ತಮ್ಮ ಮೆಣಸಿನಕಾಯಿ ಮಾರುವುದು ಬ್ಯಾಡಗಿಯಲ್ಲಿ. ಸುಗ್ಗಿಯ ದಿನಗಳಲ್ಲಿ ಆ ಊರಿಗೆ ಹೋಗಿ ಸೀನದೆ ಮರಳಿದ ಹೊರಗಿನವರನ್ನು ನಾನಂತೂ ಕಂಡಿಲ್ಲ. ಈ ಎರಡರ ನಡುವೆ ಮೈಸೂರು ಕಡೆಯ ಅಳಿಯನೊಬ್ಬ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದು ಫೆಬ್ರುವರಿಯ ಒಂದು ಗುರುವಾರ ನನಗೆ ತಿಳಿಯಿತು.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರು ನಡೆಯುತ್ತದೆ. ಈಗ ಅಲ್ಲಿಗೆ ಬರುವ ಕಾಯಿಯಲ್ಲಿ ಹೆಚ್ಚಿನದು ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ ಮತ್ತು ಗಡಿಯಾಚೆಯ ಕರ್ನೂಲಿನ ಕಡೆಯದು. ಸುತ್ತಲಿನ ಹಳ್ಳಿಗಳ ಅನೇಕರು ಗೋವಿನಜೋಳಕ್ಕೂ ಹತ್ತಿಗೂ ಹೊರಳಿದ್ದಾರೆ. ಮಾವನವರು ಮಾತ್ರ ಊರಿನ ಹೆಸರು ಉಳಿಸುವ ಹೊಣೆ ತಮ್ಮೊಬ್ಬರದೇ ಎಂಬಂತೆ ಎರಡು ಎಕರೆಯಲ್ಲಿ ಮೆಣಸಿನ ಗಿಡ ಹಾಕುತ್ತಾರೆ. ಅಂದು 8 ಚೀಲಗಳನ್ನು ಟಂಟಂ ಗಾಡಿಗೆ ಏರಿಸಿಯಾಗಿತ್ತು. ಅವರು ದೇವರಿಗೆ ಕೈಮುಗಿದು ಹೊಸ್ತಿಲಾಚೆ ಬಲಗಾಲು ಎತ್ತಿದ್ದರು. ನಾನು ಸೀನಿದೆ. ಒಂದೇ ಒಂದು ಸಲ.

ಎತ್ತಿದ ಕಾಲು ಇದ್ದಲ್ಲಿಯೇ ನಿಂತಿತು. “ಇನ್ನೊಂದು ಸೀನ್ರಿ ಅಳ್ಯಾರ” ಎಂದರು, ಸಾಲ ಕೇಳುವವರ ವಿನಯದಿಂದ. ನಾನು ಸೂರ್ಯನನ್ನು ದಿಟ್ಟಿಸಿದೆ, ನೆರೆಮನೆಯ ಅಜ್ಜನ ನಶ್ಯ ಏರಿಸಿದೆ. ಕಡೆಗೆ ಅತ್ತೆಯವರು ಚೀಲದಿಂದ ಒಂದು ಕಾಯಿ ತೆಗೆದು ಮುರಿದು ನನ್ನ ಮೂಗಿನ ಕೆಳಗೆ ಹಿಡಿದರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ನಿಜ, ಆದರೆ ಅದರ ಕೀರ್ತಿಯೆಲ್ಲ ಬಣ್ಣದ್ದು, ಖಾರದ್ದಲ್ಲ. ತುಟಿಯ ಬಣ್ಣಕ್ಕೂ ಉಗುರಿನ ಬಣ್ಣಕ್ಕೂ ರಂಗು ಕೊಡುವ ಆ ಸಾಧು ಕಾಯಿಯ ಮುಂದೆ ನನ್ನ ಮೂಗು ತಪಸ್ಸಿಗೆ ಕುಳಿತಂತೆ ಕುಳಿತಿತ್ತು. ಮಾವನವರು ಒಳಗೆ ಹೋಗಿ ನೀರು ಕುಡಿದು, ಅರ್ಧ ಗಂಟೆ ಕುಳಿತು, ಅಪಶಕುನ ಕಳೆಯಿತೆಂದು ತೀರ್ಮಾನವಾದ ಮೇಲೆ ಹೊರಟೆವು.

ಊರು ಸಮೀಪಿಸುತ್ತಿದ್ದಂತೆ ಗಾಳಿ ಘಾಟಾಯಿತು. ಮುಂಜಾನೆ ಬೇಡಿದರೂ ಬಾರದ ಸೀನುಗಳು ಸಾಲುಗಟ್ಟಿ ಬಂದವು. ಮಾರುಕಟ್ಟೆಯ ಅಂಗಳದಲ್ಲಿ ಕಣ್ಣು ಹಾಯುವವರೆಗೂ ಕೆಂಪು ಚೀಲಗಳು. ಒಂದು ಕಡೆ ಉದ್ದನೆಯ, ಸಪೂರವಾದ, ಮೈತುಂಬ ಸುಕ್ಕಿನ ‘ಕಡ್ಡಿ’ ಜಾತಿಯ ಕಾಯಿ, ಇನ್ನೊಂದು ಕಡೆ ಗಿಡ್ಡಾಗಿ ಉಬ್ಬಿದ ‘ಡಬ್ಬಿ’ ಜಾತಿಯದು. ಚೀಲ ಹೊರುವ ಹಮಾಲರಾಗಲಿ, ನೆರಳಿನಲ್ಲಿ ಕುಳಿತು ತೊಟ್ಟು ಬಿಡಿಸುವ ಹೆಂಗಸರಾಗಲಿ ಒಬ್ಬರೂ ಸೀನುತ್ತಿರಲಿಲ್ಲ. ನಾನೊಬ್ಬನೇ ಆ ಅಂಗಳದ ಎಲ್ಲರ ಪಾಲನ್ನೂ ಸೀನಿ ತೀರಿಸುತ್ತಿದ್ದೆ. ಇಲ್ಲಿ ಸೀನಿಗೆ ಶಕುನವಿಲ್ಲವೇ ಎಂದು ಕೇಳಿದ್ದಕ್ಕೆ ದಲ್ಲಾಳಿ ಅಂಗಡಿಯ ಗುಮಾಸ್ತರು, “ಶಕುನ ನೋಡಿದ್ರ ಈ ಊರಾಗ ಒಂದ ಚೀಲಾನೂ ತೂಗಾಕ ಆಗೂದಿಲ್ರಿ” ಎಂದರು. ಮಾವನವರು ಈ ಮಾತು ಕೇಳಿಸದವರಂತೆ ಚೀಲ ಎಣಿಸುತ್ತಿದ್ದರು.

ವರ್ತಕರು ಚೀಲಗಳ ಬಾಯಿ ಬಿಚ್ಚಿಸಿ ಕಾಯಿ ನೋಡಿ, ಆನ್‌ಲೈನಿನಲ್ಲಿ ದರ ನಮೂದಿಸಿ, ಫಲಿತಾಂಶ ಹೊರಬೀಳುವ ತನಕ ರೈತನಿಗೆ ಕೆಲಸವಿಲ್ಲ. ಆದ್ದರಿಂದ ಸುತ್ತಲಿನ ಹಳ್ಳಿಯವರು ವಾರವಿಡೀ ಕೆಟ್ಟದ್ದನ್ನೆಲ್ಲ ಗಂಟು ಕಟ್ಟಿಕೊಂಡು ಅಂದೇ ಪೇಟೆಗೆ ತಂದಿರುತ್ತಾರೆ. ನನ್ನ ಪಾಲಿಗೆ ಬಂದದ್ದು ಮಿಕ್ಸರಿನ ಜಾರು, ಸುಟ್ಟುಹೋದ ಪಂಪಿನ ಮೋಟಾರು, ಹೊಲದ ಉತಾರ, ಅಂದರೆ ನಮ್ಮ ಕಡೆಯ ಪಹಣಿ, ಮತ್ತು ಮಾವನವರ ಕನ್ನಡಕ. ಉತಾರ ಸಿಗುವ ಕಡೆ ವಿದ್ಯುತ್ತಿರಲಿಲ್ಲ. ಮೋಟಾರಿನವರು ಸೋಮವಾರ ಬನ್ನಿ ಎಂದರು. ಜಾರಂತೂ ದುರಸ್ತಿಯಾಯಿತು, ಅದರ ಮುಚ್ಚಳ ಎಲ್ಲಿ ಕಳೆಯಿತೋ ತಿಳಿಯದು.

ಕನ್ನಡಕದ ಅಂಗಡಿಯಲ್ಲಿ ಜನಸಂದಣಿಯಿತ್ತು. ಹಿಂದಿನಿಂದಲೇ ಎತ್ತರದ ದನಿಯಲ್ಲಿ, “ಕಡ್ಡಿ ಬಿದ್ದಿದೆ ಸ್ವಾಮಿ!” ಎಂದೆ. ಅಂಗಡಿ ಸ್ತಬ್ಧವಾಯಿತು. ಕಣ್ಣು ತೋರಿಸಲು ಕುಳಿತಿದ್ದ ಹಿರಿಯರೊಬ್ಬರು ಎದೆ ಹಿಡಿದುಕೊಂಡು, “ಎಷ್ಟಕ್ಕ ಬಿತ್ರಿ?” ಎಂದರು. ಬಾಗಿಲಲ್ಲಿದ್ದ ಇಬ್ಬರು ಆಗಲೇ ಫೋನು ತೆಗೆದಿದ್ದರು. ಬಿದ್ದಿರುವುದು ಮೆಣಸಿನಕಾಯಿಯ ದರವಲ್ಲ, ಕನ್ನಡಕದ ಕಡ್ಡಿ ಎಂದು ಕೈಯೆತ್ತಿ ತೋರಿಸಿ ನಂಬಿಸುವಷ್ಟರಲ್ಲಿ ಬೆವರಿದೆ. ಅಂಗಡಿಯವರು ಸಾಸಿವೆಗಿಂತ ಚಿಕ್ಕ ತಿರುಪೊಂದನ್ನು ಹುಡುಕಿ ಅಂಗೈ ಮೇಲಿಟ್ಟುಕೊಂಡು, “ಇದೊಂದ ಉಳಿದಿತ್ತು ನೋಡ್ರಿ” ಎಂದು ನನ್ನ ಮುಖದ ಮುಂದೆ ಹಿಡಿದರು. ಹಾಗೆ ಹಿಡಿಯಬಾರದಿತ್ತು. ನಾನು ಸೀನಿದ ಮೇಲೆ ಆ ಅಂಗೈ ಖಾಲಿಯಿತ್ತು. ಕಾಲು ಗಂಟೆ ನೆಲ ತಡಕಾಡಿದ ಬಳಿಕ ಅವರು ಮಾತಿಲ್ಲದೆ ತಾಮ್ರದ ತಂತಿ ಸುತ್ತಿ ಕನ್ನಡಕ ಹಿಂದಿರುಗಿಸಿದರು.

ಸಂಜೆ ಮಾವನವರು ಅದೇ ಕನ್ನಡಕವನ್ನು ಓರೆಯಾಗಿ ಮೂಗಿಗೇರಿಸಿ, ದಲ್ಲಾಳಿ ಅಂಗಡಿಯ ಚೀಟಿಯನ್ನು ಓದಿ, ಕ್ವಿಂಟಲಿಗೆ 28 ಸಾವಿರ ಎಂದು ಉದ್ಗರಿಸಿದರು. “ಅಳ್ಯಾರ, ನಿಮ್ಮ ಸೀನು ಜೋಡಿ ಲೆಕ್ಕಕ್ಕ ಬಂದಾವು!” ಎಂದು ಬೆನ್ನು ತಟ್ಟಿ, ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ, ಚಹಾ ಹೇಳಿದರು. ತಿಂದಾದ ಮೇಲೆ ಬಂದ ಗುಮಾಸ್ತರು ಚೀಟಿ ನೋಡಿ, ಅದು 23 ಎಂದರು. ಮಾವನವರು ಕನ್ನಡಕ ನೇರ ಮಾಡಿಕೊಂಡು ಓದಿದರು, ಆಮೇಲೆ ನನ್ನನ್ನು ನೋಡಿದರು. “ಒಟ್ಟು ಎಷ್ಟಾದ್ವು?” ನಾನು ಎಣಿಸಿರಲಿಲ್ಲ.

ಊರಿಗೆ ಮರಳುವ ದಾರಿಯಲ್ಲಿ ಯಾರೂ ಮಾತನಾಡಲಿಲ್ಲ. ಮಡಿಲಲ್ಲಿ ಮುಚ್ಚಳವಿಲ್ಲದ ಜಾರು ಹಿಡಿದು ಕುಳಿತಿದ್ದ ನಾನು, ಹೊಲದ ತಿರುವಿನಲ್ಲಿ ತಡೆಯಲಾರದೆ ಮತ್ತೊಂದು ಸಲ ಸೀನಿದೆ. ಚಾಲಕನು ಗಾಡಿ ನಿಲ್ಲಿಸಿದನು. ಮಾವನವರು ಹಿಂದಿರುಗಿ ನೋಡಿದರು. ಇಬ್ಬರೂ ಏನೂ ಹೇಳದೆ, ಎರಡನೆಯದಕ್ಕಾಗಿ ಕಾಯತೊಡಗಿದರು.